ಎಣ್ಣೆಯ ಕಾವು ಏರಿದಾಗ



ಹಾವೇರಿ ಜಿಲ್ಲೆಯ ಗೃಹಸ್ಥರೊಬ್ಬರು ಬರೆದ ದೀರ್ಘ ಪತ್ರವೊಂದು ಈ ತಿಂಗಳ ಅಂಕಣಕ್ಕೆ ವಿಷಯವನ್ನು ಒದಗಿಸಿದೆ. ಅವರದು ಹತ್ತಿಯ ವ್ಯಾಪಾರ. ವೃದ್ಧ ತಾಯಿ, ಪತ್ನಿ, ಇಬ್ಬರು ಮಕ್ಕಳು, ತಮ್ಮ ಹಾಗೂ ತಮ್ಮನ ಮಡದಿ, ಹೀಗೆ ಏಳು ಜನರ ಕೂಡುಕುಟುಂಬ. ಎಲ್ಲರೂ ಒಟ್ಟಾಗಿ ಹೋಗಿಬರಲೆಂದು ಕೊಂಡ ಏಳು ಆಸನಗಳ ಟರ್ಬೊ ಡೀಸೆಲ್ ಕಾರು ಎಂಟು ವರ್ಷಗಳಲ್ಲಿ 1,10,000 ಕಿಲೋಮೀಟರ್ ಓಡಿದೆ. ಈಚೆಗೆ ಗೋಕರ್ಣದಿಂದ ಮರಳುವಾಗ, ಅಂಕೋಲೆಯಿಂದ ಯಲ್ಲಾಪುರಕ್ಕೆ ಏರುವ ಅರಬೈಲ ಘಟ್ಟದಲ್ಲಿ, ಎಂಜಿನ್ ಆಯಿಲಿನ ಉಷ್ಣತೆ 129 ಡಿಗ್ರಿಗೆ ಮುಟ್ಟಿತಂತೆ. ಬಯಲು ದಾರಿಯಲ್ಲಿ ಅದೇ ಕಾರು 99 ಡಿಗ್ರಿಯಲ್ಲಿ ಶಾಂತವಾಗಿ ಓಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ಕಾವನ್ನು ತೋರುವ ಮುಳ್ಳು ಮಾತ್ರ ನಟ್ಟನಡುವಿನಿಂದ ಕದಲಿರಲಿಲ್ಲ. ಇಂಜಿನಿಯರಿಂಗ್ ಓದುವ ಮಗನು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದ್ದ ಚಿಕ್ಕ ಉಪಕರಣವೊಂದು ಈ ಅಂಕಿಯನ್ನು ಮೊಬೈಲಿನಲ್ಲಿ ತೋರಿಸದಿದ್ದರೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಊರಿಗೆ ಬಂದು ಗ್ಯಾರೇಜಿಗೆ ತೋರಿಸಿದರೆ ಅಲ್ಲಿಯವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ಟರ್ಬೊ ಹೋಗಿದೆ, ಬದಲಾಯಿಸಬೇಕು.” ಅದಕ್ಕೆ ಹೇಳಿದ ಮೊತ್ತವು ಲಕ್ಷದ ಸಮೀಪದ್ದು. ಮಗಳ ಕಾಲೇಜಿನ ಶುಲ್ಕಕ್ಕೆಂದು ಜೂನ್ ತಿಂಗಳಿಗೆ ತೆಗೆದಿರಿಸಿದ ಹಣವೂ ಹೆಚ್ಚುಕಡಿಮೆ ಅಷ್ಟೇ. “ತಾಯಿಯವರು ಇನ್ನು ಆ ಕಾರನ್ನು ಹತ್ತುವುದಿಲ್ಲವೆನ್ನುತ್ತಾರೆ, ಮಗನು ಟರ್ಬೊ ಸರಿಯಾಗಿದೆ, ಬೇರೊಂದು ಆಯಿಲ್ ಕೂಲರ್ ಹಾಕಿಸಿದರೆ ಸಾಕೆನ್ನುತ್ತಾನೆ, ನಾನು ಯಾರ ಮಾತನ್ನು ಕೇಳಲಿ?” ಎಂಬುದು ಅವರ ಪ್ರಶ್ನೆ.

ಪಾಠಶಾಲೆಯಲ್ಲಿ ಓದಿದವರಿಗೆ ಎಂಜಿನ್ನಿನ ಗೊಡವೆ ಏಕೆಂದು ಕೆಲವರಿಗೆ ಅನಿಸಬಹುದು. ವಿದ್ಯಾರ್ಥಿನಿಲಯದ ವಾಹನಗಳ ಲೆಕ್ಕಪತ್ರವನ್ನೂ ಉಸ್ತುವಾರಿಯನ್ನೂ ನಾವು ಬಹುಕಾಲ ನೋಡಿಕೊಂಡವರು. ಅದಕ್ಕೂ ಮಿಗಿಲಾಗಿ, ಇಲ್ಲಿ ಕೆಟ್ಟಿದ್ದುದು ಟರ್ಬೊ ಆಗಿರಲಿ ಬಿಡಲಿ, ಗ್ಯಾರೇಜಿನವರ ಅನುಮಾನ ಪ್ರಮಾಣವಂತೂ ಕೆಟ್ಟಿತ್ತು. ಅದನ್ನು ಸರಿಪಡಿಸುವ ವಿದ್ಯೆ ಪಾಠಶಾಲೆಯಲ್ಲಿಯೇ ದೊರೆಯುತ್ತದೆ.

ಮೊದಲು ಈ ಟರ್ಬೊ ಎಂಬುದರ ಸ್ವರೂಪವನ್ನು ತಿಳಿಯೋಣ. ಎಂಜಿನ್ನಿನಿಂದ ಹೊರಹೋಗುವ ಹೊಗೆಯಲ್ಲಿ ಬಹಳಷ್ಟು ಶಕ್ತಿ ವ್ಯರ್ಥವಾಗುತ್ತದೆ. ಆ ಹೊಗೆಯ ರಭಸದಿಂದ ಒಂದು ಚಿಕ್ಕ ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಉಪಾಯವಿದು. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಷಿ ಎಂಬವರು 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕಾರುಗಳಿಗೆ ಬಂದುದು ಬಹಳ ತಡವಾಗಿ, 1962ರಲ್ಲಿ, ಅಮೆರಿಕದಲ್ಲಿ. ಆ ವರ್ಷ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರಿನಲ್ಲಿ ಎಂಜಿನ್ನಿನೊಳಗಿನ ಕಾವನ್ನು ತಣಿಸಲು ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನು ಪ್ರತ್ಯೇಕ ತೊಟ್ಟಿಯಲ್ಲಿ ಮಾಲೀಕರೇ ತುಂಬಿಸುತ್ತಿರಬೇಕಾಗಿತ್ತು. ಅನೇಕರು ಮರೆತರು, ಕಾರು ಎರಡೇ ವರ್ಷಗಳಲ್ಲಿ ಮರೆಯಾಯಿತು. ಟರ್ಬೊ ಮತ್ತು ಕಾವು, ಇವೆರಡರ ಸಂಬಂಧ ಅಂದಿನಿಂದಲೇ ಬಂದುದು.

ಈ ಅಚ್ಚು ನಿಮಿಷಕ್ಕೆ ಒಂದೂವರೆ ಲಕ್ಷದಿಂದ ಎರಡು ಲಕ್ಷ ಸುತ್ತು ತಿರುಗುತ್ತದೆ. ಅದರ ಒಂದು ಮಗ್ಗುಲಲ್ಲಿ ಹಾಯುವ ಹೊಗೆಯು ಪೂರ್ಣ ಹೊರೆಯಲ್ಲಿ, ಡೀಸೆಲ್ ಎಂಜಿನ್ನಿನಲ್ಲಿ 700 ಡಿಗ್ರಿಯನ್ನು ದಾಟಬಲ್ಲದು. ಪೆಟ್ರೋಲ್ ಎಂಜಿನ್ನಿನಲ್ಲಿ 900 ಡಿಗ್ರಿಯನ್ನೂ ಮೀರಬಲ್ಲದು. ಸಾಮಾನ್ಯವಾಗಿ ಇಂತಹ ಅಚ್ಚನ್ನು ಹೊತ್ತಿರುವುದು ಗುಂಡುಗಳ ಬೇರಿಂಗ್ ಅಲ್ಲ, ಕೂದಲಿಗಿಂತ ತೆಳುವಾದ ಎಣ್ಣೆಯ ಪದರ. ಆ ಎಣ್ಣೆಯೇ ಅಚ್ಚನ್ನು ತೇಲಿಸಬೇಕು, ಅದರ ಕಾವನ್ನೂ ಹೊತ್ತು ತರಬೇಕು. ಬಳಿಕ ಎಂಜಿನ್ನಿನ ತಳದಲ್ಲಿರುವ, ಗ್ಯಾರೇಜಿನವರು ಚೇಂಬರ್ ಎನ್ನುವ ಪಾತ್ರೆಗೆ ಇಳಿದು, ಸೋಸಿಕೊಂಡು, ತಣಿದು ಮತ್ತೆ ಹೊರಡಬೇಕು. ಆದುದರಿಂದ ಟರ್ಬೊ ಕಾರಿನ ಎಣ್ಣೆಗೆ ಸಾಧಾರಣ ಕಾರಿನದಕ್ಕಿಂತ ಹೆಚ್ಚಿನ ದುಡಿಮೆ ಇದ್ದೇ ಇದೆ.

ಹಾಗಾದರೆ 129 ಎಂಬುದು ಅಪಾಯದ ಅಂಕಿಯೆ? ಎಣ್ಣೆಯ ಕಾವು ಸಾಮಾನ್ಯ ಓಟದಲ್ಲಿ 90ರಿಂದ 110 ಡಿಗ್ರಿಯ ನಡುವೆ ಇರುವುದು ಸಹಜವೂ ಹಿತವೂ ಆದುದು. ನೂರು ಡಿಗ್ರಿ ಎಂದೊಡನೆ ಕುದಿಯುವ ನೀರು ನೆನಪಾಗಿ ಬೆಚ್ಚಬೇಕಾಗಿಲ್ಲ. ಎಣ್ಣೆಯು 80 ಡಿಗ್ರಿಗಿಂತ ಕೆಳಗೆಯೇ ಉಳಿದರೆ ಅದರೊಳಗೆ ಸೇರುವ ನೀರಿನಂಶವೂ ಇಂಧನದಂಶವೂ ಆವಿಯಾಗಿ ಹೋಗದೆ ಎಣ್ಣೆ ಕೆಡುತ್ತದೆ. ಪೇಟೆಯೊಳಗೆ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರುಗಳ ಎಣ್ಣೆ ಬೇಗ ಹಾಳಾಗುವುದು ಇದರಿಂದಲೇ. ಏರುದಾರಿಯಲ್ಲಿ ಸ್ವಲ್ಪ ಹೊತ್ತು 120 ತೋರಿದರೂ ಉತ್ತಮ ಸಿಂಥೆಟಿಕ್ ಎಣ್ಣೆ ಸಹಿಸಿಕೊಳ್ಳುತ್ತದೆ. 130ರ ಸಮೀಪ ಬಂದರೆ ಕಾರಣವನ್ನು ಹುಡುಕಲೇಬೇಕು. 140ರತ್ತ ಸಾಗಿದರೆ ಓಟವನ್ನು ನಿಲ್ಲಿಸಿ ಎಂಜಿನ್ನಿಗೆ ಬಿಡುವು ಕೊಡಬೇಕು.

ಕಾವೇರಿದ ಎಣ್ಣೆಯಿಂದ ಆಗುವ ಹಾನಿ ಎರಡು ತೆರನಾದುದು. ಒಂದು ಒಡನೆ ಆಗುವಂಥದು. ಚಳಿಯ ಬೆಳಗಿನಲ್ಲಿ ಗಡಿಗೆಯಿಂದ ಇಳಿಯಲೊಲ್ಲದ ಜೋನಿಬೆಲ್ಲವು ಒಲೆಯ ಬಳಿಯಿಟ್ಟರೆ ನೀರಿನಂತೆ ಹರಿಯುವುದನ್ನು ಮಲೆನಾಡಿನ ತಾಯಂದಿರು ಬಲ್ಲರು; ಎಣ್ಣೆಯೂ ಹಾಗೆಯೇ ತೆಳುವಾಗಿ ಅಚ್ಚನ್ನು ತೇಲಿಸುವ ಪದರವು ಹರಿದುಹೋಗುತ್ತದೆ. ಇನ್ನೊಂದು ನಿಧಾನದ ಹಾನಿ. ಕಾವು ಹತ್ತು ಡಿಗ್ರಿ ಏರಿದಂತೆಲ್ಲ ಎಣ್ಣೆ ಕೆಡುವ ವೇಗವು ಸ್ಥೂಲವಾಗಿ ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದವರ ರೂಢಿಯ ಲೆಕ್ಕ. ಕೆಟ್ಟ ಎಣ್ಣೆ ಮಸಿಯಾಗಿ ಟರ್ಬೊದ ಸಣ್ಣ ಎಣ್ಣೆನಾಳದಲ್ಲಿ ಕಟ್ಟಿಕೊಳ್ಳುತ್ತದೆ. ಟರ್ಬೊ ಎಣ್ಣೆಯಿಲ್ಲದೆ ಸಾಯುತ್ತದೆ. ಹೀಗಿರಲಾಗಿ, ಟರ್ಬೊ ಕೆಟ್ಟುದರಿಂದ ಎಣ್ಣೆ ಕಾಯುವುದಕ್ಕಿಂತ, ಎಣ್ಣೆ ಕಾದು ಕೆಟ್ಟುದರಿಂದ ಟರ್ಬೊ ಹಾಳಾಗುವುದೇ ಹೆಚ್ಚು.

ಈಗ ತರ್ಕದ ಮಾತಿಗೆ ಬರೋಣ. ಪಾಠಶಾಲೆಗಳಲ್ಲಿ ಎಳೆಯರಿಗೆ ಮೊದಲು ಕೈಗೆ ಕೊಡುವ ‘ತರ್ಕಸಂಗ್ರಹ’ದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸುವ ಪ್ರಸಂಗವಿದೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆಯೆನ್ನುವುದು ಸರಿ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆನ್ನುವುದು ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆಯೂ ಬೇಕು. ಗ್ಯಾರೇಜಿನವರ ತೀರ್ಪು ಈ ಎರಡನೆಯ ಜಾತಿಯದು. ಕೆಟ್ಟ ಟರ್ಬೊ ಎಣ್ಣೆಯನ್ನು ಕಾಯಿಸಬಹುದು, ನಿಜ. ಆದರೆ ಎಣ್ಣೆ ಕಾದಲ್ಲೆಲ್ಲ ಟರ್ಬೊ ಕೆಟ್ಟಿರಬೇಕಾಗಿಲ್ಲ. ಟರ್ಬೊ ನೆಟ್ಟಗಿರುವ, ಅಷ್ಟೇಕೆ ಟರ್ಬೊವೇ ಇಲ್ಲದ ಕಾರುಗಳಲ್ಲಿಯೂ ಎಣ್ಣೆ ಕಾಯುತ್ತದೆ. ಇಂತಹ ಹೇತುವನ್ನು ಶಾಸ್ತ್ರಕಾರರು ಸವ್ಯಭಿಚಾರವೆನ್ನುತ್ತಾರೆ. ಟರ್ಬೊ ನಿಜವಾಗಿ ಕೆಟ್ಟರೆ ಅದರವೇ ಆದ ಚಿಹ್ನೆಗಳುಂಟು: ಸೈಲೆನ್ಸರಿನಿಂದ ನೀಲಿ ಹೊಗೆ, ಎಣ್ಣೆಯ ಮಟ್ಟ ಬೇಗ ಇಳಿಯುವುದು, ಸೀಟಿಯಂತಹ ಹೊಸ ಸದ್ದು, ಏರಿನಲ್ಲಿ ಕಸುವಿಲ್ಲದಿರುವುದು, ಗಾಳಿಯ ಕೊಳವೆಯನ್ನು ಬಿಚ್ಚಿ ಅಚ್ಚನ್ನು ಬೆರಳಿನಿಂದ ಅಲುಗಿಸಿದರೆ ಅತಿಯಾದ ಸಡಿಲ. ಪತ್ರದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಆದುದರಿಂದ ನಾವು ಆ ಗೃಹಸ್ಥರಿಗೆ ಹೇಳಿದುದಿಷ್ಟು: ಹಣ ಕೊಡಬೇಡಿರಿ, ಮೊದಲು ಅನ್ವಯ ವ್ಯತಿರೇಕಗಳನ್ನು ನೋಡಿರಿ. ಯಾವುದು ಇದ್ದಾಗ ಕಾವು ಏರುತ್ತದೆ, ಯಾವುದು ಇಲ್ಲದಿದ್ದಾಗ ಏರುವುದಿಲ್ಲ?

ಎಣ್ಣೆಯ ಕಾವು ಏರುವುದಕ್ಕೆ ಮೂಲದಲ್ಲಿ ಎರಡೇ ದಾರಿ. ಒಂದೋ ಕಾವಿನ ಹುಟ್ಟುವಳಿ ಹೆಚ್ಚಿರಬೇಕು, ಇಲ್ಲವೆ ಹುಟ್ಟಿದ ಕಾವು ಹೊರಗೆ ಹೋಗದಿರಬೇಕು. ಅರಬೈಲಿನಲ್ಲಿ ಹುಟ್ಟುವಳಿಯಂತೂ ಹೆಚ್ಚಿರಲೇಬೇಕು. ಅಂಕೋಲೆ ಸಮುದ್ರದ ದಂಡೆಯಲ್ಲಿದೆ, ಯಲ್ಲಾಪುರವು ಐನೂರು ಮೀಟರಿಗೂ ಮಿಕ್ಕ ಎತ್ತರದಲ್ಲಿದೆ. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಕಾರನ್ನು ಅಷ್ಟು ಮೇಲಕ್ಕೆ ಎತ್ತುವಾಗ ಡೀಸೆಲಿನ ಶಕ್ತಿಯಲ್ಲಿ ಮೂರರಲ್ಲೊಂದು ಪಾಲು ಎತ್ತುವ ಕೆಲಸಕ್ಕೆ ಬಂದರೆ ಉಳಿದೆರಡು ಪಾಲು ಕಾವಾಗಿ ಹೋಗುತ್ತದೆ. ಲೆಕ್ಕ ಹಾಕಿದರೆ ಆ ಕಾವು ಸುಮಾರು 60 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಅರ್ಧದಷ್ಟು ಹೊಗೆಯೊಡನೆ ಹೋದರೂ ಉಳಿದುದನ್ನು ರೇಡಿಯೇಟರೇ ಹೊರಹಾಕಬೇಕು. ಅದೂ ಸರಕಿನ ಲಾರಿಯ ಹಿಂದೆ ಎರಡನೆಯ ಗೇರಿನಲ್ಲಿ ತೆವಳುತ್ತ, ಮುಂದಿನಿಂದ ಗಾಳಿ ಬೀಸದ ಸ್ಥಿತಿಯಲ್ಲಿ. ಹೆದ್ದಾರಿಯಲ್ಲಿ 90ರ ವೇಗದಲ್ಲಿ ಕಾಣದ ದೋಷವು ಘಟ್ಟದಲ್ಲಿ ಕಾಣುವುದೇಕೆಂಬುದು ಇದರಿಂದ ವಿಶದವಾಗುತ್ತದೆ. ಏರು ಮುಗಿದು ಯಲ್ಲಾಪುರದ ಬಯಲಿಗೆ ಬಂದ ಬಳಿಕ ಕಾವು ಎಷ್ಟು ಹೊತ್ತಿನಲ್ಲಿ ಇಳಿಯಿತೆಂದು ನಾವು ಕೇಳಿದೆವು. ಇಪ್ಪತ್ತು ನಿಮಿಷವಾದರೂ 115ರ ಕೆಳಗೆ ಬರಲಿಲ್ಲವೆಂದು ಉತ್ತರ ಬಂದಿತು. ಹುಟ್ಟುವಳಿ ನಿಂತ ಮೇಲೂ ಕಾವು ಉಳಿದಿದ್ದರೆ ಹೊರದಾರಿಯನ್ನು ಶಂಕಿಸುವುದು ನ್ಯಾಯ.

ಇನ್ನು ಮುಖ್ಯವಾದ ಪ್ರಶ್ನೆ: ಎಣ್ಣೆ ಒಂದೇ ಕಾಯುತ್ತಿದೆಯೋ, ನೀರೂ ಜೊತೆಗೆ ಕಾಯುತ್ತಿದೆಯೋ? ಹೆಚ್ಚಿನ ಟರ್ಬೊ ಕಾರುಗಳಲ್ಲಿ ಎಣ್ಣೆಯನ್ನು ತಣಿಸುವುದು ರೇಡಿಯೇಟರಿನ ಕೂಲೆಂಟೇ. ಆಯಿಲ್ ಫಿಲ್ಟರಿನ ಬಳಿ ತಗಡುಗಳನ್ನು ಪೇರಿಸಿ ಮಾಡಿದ ಚಿಕ್ಕ ಪೆಟ್ಟಿಗೆಯೊಂದಿದ್ದು, ಅದರಲ್ಲಿ ಒಂದು ಮಗ್ಗುಲಿಗೆ ಎಣ್ಣೆ, ಇನ್ನೊಂದು ಮಗ್ಗುಲಿಗೆ ಕೂಲೆಂಟ್ ಹರಿಯುತ್ತದೆ. ನೀರು 90ರ ಆಸುಪಾಸಿನಲ್ಲಿಯೇ ಇದ್ದು ಎಣ್ಣೆ ಮಾತ್ರ ಏರಿದರೆ ದೋಷವು ಎಣ್ಣೆಯ ಕಡೆಗಿದೆ: ಎಣ್ಣೆ ಕಡಿಮೆಯಾಗಿದೆ, ಹಳತಾಗಿದೆ, ತಕ್ಕ ದರ್ಜೆಯದಲ್ಲ, ಅಥವಾ ಆ ಪೆಟ್ಟಿಗೆಯೊಳಗೆ ಮಸಿ ಕಟ್ಟಿದೆ. ಎರಡೂ ಕೂಡಿ ಏರಿದರೆ ದೋಷವು ನೀರು ತಣಿಯುವ ದಾರಿಯಲ್ಲಿದೆ. ಡ್ಯಾಶ್‌ಬೋರ್ಡಿನ ಮುಳ್ಳು ಅಲುಗಲಿಲ್ಲವೆಂಬುದನ್ನು ಇಲ್ಲಿ ಪ್ರಮಾಣವಾಗಿ ಹಿಡಿಯಬಾರದು. ಈಚಿನ ಅನೇಕ ಕಾರುಗಳಲ್ಲಿ, ಜನ ವೃಥಾ ಗಾಬರಿಗೊಳ್ಳಬಾರದೆಂದು, ನೀರು 75ರಲ್ಲಿರಲಿ 105ರಲ್ಲಿರಲಿ ಮುಳ್ಳು ನಡುವಿನಲ್ಲಿಯೇ ನಿಲ್ಲುವಂತೆ ತಯಾರಕರು ಮಾಡಿರುತ್ತಾರೆ. ಇದು ಒಳ್ಳೆಯ ಪದ್ಧತಿಯೆಂದು ನಮಗೆ ತೋರುವುದಿಲ್ಲ. ಮನೆಯೊಡೆಯನಿಗೆ ನಿದ್ದೆ ಕೆಡದಿರಲೆಂದು ಕಾವಲುಗಾರನ ಬಾಯಿ ಕಟ್ಟಿದ ಹಾಗಾಯಿತು.

ಮಗನ ಉಪಕರಣವು ಎರಡೂ ಅಂಕಿಗಳನ್ನು ತೋರಿಸಬಲ್ಲದಾಗಿತ್ತು. ಇಲ್ಲಿ ಒಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ಎಣ್ಣೆಯೊಳಗೆ ಕಾವನ್ನು ಅಳೆಯುವ ಸೆನ್ಸರೇ ಇರುವುದಿಲ್ಲ, ಕಂಪ್ಯೂಟರು ಬೇರೆ ಅಂಕಿಗಳಿಂದ ಊಹಿಸಿ ಒಂದು ಸಂಖ್ಯೆಯನ್ನು ಕೊಡುತ್ತದೆ. ನಿಮ್ಮ ಕಾರಿನಲ್ಲಿ ಸೆನ್ಸರ್ ಉಂಟೋ ಇಲ್ಲವೋ ಎಂಬುದನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಇವರದರಲ್ಲಿ ಇತ್ತು. ರಾತ್ರಿಯಿಡೀ ನಿಂತು ತಣ್ಣಗಾದ ಕಾರಿನಲ್ಲಿ ಬೆಳಿಗ್ಗೆ ಎಣ್ಣೆ, ನೀರು ಎರಡೂ ಹೊರಗಿನ ಹವೆಯ ಕಾವನ್ನೇ ತೋರಿಸಿದವು. ಸೆನ್ಸರ್ ಸುಳ್ಳು ಹೇಳುತ್ತಿಲ್ಲವೆಂಬುದಕ್ಕೆ ಅದು ತಕ್ಕಮಟ್ಟಿನ ಸಾಕ್ಷಿ. ಬಳಿಕ ಮತ್ತೊಮ್ಮೆ ಅದೇ ಘಟ್ಟವನ್ನು ಏರಿದರು. ತಂದೆ ಕಾರು ನಡೆಸಿದರು, ಮಗನು ಪಕ್ಕದಲ್ಲಿ ಕುಳಿತು ಎರಡೆರಡು ಕಿಲೋಮೀಟರಿಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡನು. ಕಾರು ನಡೆಸುವವರೇ ಮೊಬೈಲನ್ನು ನೋಡುವುದು ಎಣ್ಣೆ ಕಾಯುವುದಕ್ಕಿಂತ ದೊಡ್ಡ ಅಪಾಯ. ಬಯಲಿನಲ್ಲಿ ನೀರು 88, ಎಣ್ಣೆ 99. ಘಟ್ಟದ ಮೇಲ್ಭಾಗದಲ್ಲಿ ನೀರು 107, ಎಣ್ಣೆ 128. ಎರಡೂ ಕೂಡಿಯೇ ಏರಿದ್ದವು.

ಆ ಎತ್ತರದಲ್ಲಿಯೇ ಇನ್ನೊಂದು ಪ್ರಯೋಗವನ್ನೂ ಮಾಡಿಸಿದೆವು. ಆಯುರ್ವೇದದಲ್ಲಿ ರೋಗವನ್ನು ಗುರುತಿಸುವ ಐದು ಸಾಧನಗಳಲ್ಲಿ ಉಪಶಯವೆಂಬುದೊಂದು. ಯಾವುದನ್ನು ಕೊಟ್ಟರೆ ಹಿತವಾಗುತ್ತದೆಂಬುದರಿಂದ ರೋಗವನ್ನು ತಿಳಿಯುವ ಕ್ರಮ. ಏ.ಸಿ.ಯನ್ನು ಆರಿಸಿ, ಕಿಟಕಿಗಳನ್ನು ತೆರೆದು, ಹೀಟರನ್ನು ಪೂರ್ತಿ ತಿರುಗಿಸಿ ಗಾಳಿಯನ್ನು ಜೋರಾಗಿ ಬಿಟ್ಟರೆ, ಕಾರಿನೊಳಗಿರುವ ಹೀಟರು ಎರಡನೆಯ ಚಿಕ್ಕ ರೇಡಿಯೇಟರಿನಂತೆ ಕೆಲಸ ಮಾಡುತ್ತದೆ. ಕುಳಿತವರಿಗೆ ಹಿಂಸೆ, ಎಂಜಿನ್ನಿಗೆ ಹಿತ. ಹಾಗೆ ಮಾಡಿದ ಕೆಲವೇ ನಿಮಿಷಗಳಲ್ಲಿ, ಏರು ಮುಂದುವರಿದಿದ್ದರೂ, ನೀರು 107ರಿಂದ 100ಕ್ಕೆ ಬಂದಿತು, ಎಣ್ಣೆಯೂ ಹಿಂದೆಯೇ ಇಳಿಯಿತು. ಇದು ನಿರ್ಣಯವಲ್ಲ, ಸೂಚನೆ ಮಾತ್ರ. ಆದರೆ ಸೂಚನೆಯೆಲ್ಲವೂ ಒಂದೇ ದಿಕ್ಕಿಗೆ ಬೆರಳು ಮಾಡುತ್ತಿತ್ತು.

ಉಳಿದುದು ಪ್ರತ್ಯಕ್ಷ. ಕಾರಿನ ಮೂತಿಯಲ್ಲಿ ಏ.ಸಿ.ಯ ಕಂಡೆನ್ಸರ್, ಇಂಟರ್‌ಕೂಲರ್, ರೇಡಿಯೇಟರ್ ಇವು ಒಂದರ ಹಿಂದೊಂದು ಅಥವಾ ಒಂದರ ಮಗ್ಗುಲಿಗೊಂದು ನಿಂತಿರುತ್ತವೆ. ಮುಂದಿನಿಂದ ನೋಡಿದರೆ ಕಾಣುವುದು ಮೊದಲನೆಯದು ಮಾತ್ರ. ಅದನ್ನು ಪ್ರತಿ ಸರ್ವಿಸ್‌ನಲ್ಲಿಯೂ ನೀರು ಹಾಯಿಸಿ ತೊಳೆದಿರುತ್ತಾರೆ, ಫಳಫಳನೆ ಹೊಳೆಯುತ್ತದೆ. ಅದಕ್ಕೂ ರೇಡಿಯೇಟರಿಗೂ ನಡುವಿನ ಎರಡು ಬೆರಳಿನ ಸಂದಿಯನ್ನು ಯಾರೂ ನೋಡುವುದಿಲ್ಲ. ಹಿಂದಿನಿಂದ ಬ್ಯಾಟರಿ ಬಿಟ್ಟು ಮುಂದಿನಿಂದ ನೋಡಿ, ಬೆಳಕು ಕಾಣಬೇಕು ಎಂದು ನಾವು ಹೇಳಿದೆವು. ಬೆಳಕು ಕಾಣಲಿಲ್ಲ. ಬೇರೊಬ್ಬ ಮೆಕ್ಯಾನಿಕ್ಕಿನಿಂದ ಮೇಲಿನ ಪಟ್ಟಿಯನ್ನು ಬಿಚ್ಚಿಸಿ ಕಂಡೆನ್ಸರನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದಾಗ, ಹತ್ತಿಯ ಎಳೆ, ಕೆಂಪು ಧೂಳು, ಹುಳುಗಳು ಎಲ್ಲವೂ ಕೂಡಿ ಕಂಬಳಿಯ ತುಂಡಿನಂತೆ ರೇಡಿಯೇಟರಿನ ಮುಕ್ಕಾಲು ಭಾಗವನ್ನು ಹೊದ್ದು ಕುಳಿತಿದ್ದವು. ಎಂಟು ವರ್ಷ ದಿನವೂ ಹತ್ತಿಯ ಮಾರುಕಟ್ಟೆಗೆ ಹೋಗಿಬರುವ ಕಾರು! ಹುಟ್ಟಿದ ಕಾವು ಹೊರಗೆ ಹೋಗುವುದಾದರೂ ಹೇಗೆ?

ಅದನ್ನು ತೊಳೆಯುವುದಕ್ಕೂ ಒಂದು ಕ್ರಮವುಂಟು. ಬೈಕು ತೊಳೆಯುವ ಜೋರಿನ ಪೈಪನ್ನು ಹತ್ತಿರ ಹಿಡಿದರೆ ಎಲೆಯಂತಹ ತಗಡುಗಳು ಮಡಚಿಕೊಂಡು ದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಎಂಜಿನ್ ತಣ್ಣಗಿರುವಾಗ, ಸಾಧಾರಣ ಒತ್ತಡದ ನೀರನ್ನು ಎಂಜಿನ್ನಿನ ಕಡೆಯಿಂದ ಹೊರಗಡೆಗೆ, ಎಂದರೆ ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ ಹಾಯಿಸಬೇಕು. ಮೃದುವಾದ ಬ್ರಶ್ಶನ್ನು ತಗಡಿನ ನೇರಕ್ಕೆ ಮಾತ್ರ ಆಡಿಸಬೇಕು. ಖರ್ಚು ಕೂಲಿಯದಷ್ಟೇ. ಇದೇ ಸಮಯದಲ್ಲಿ ಫ್ಯಾನು ಎರಡು ವೇಗದಲ್ಲಿಯೂ ತಿರುಗುತ್ತದೆಯೇ, ಕೂಲೆಂಟಿನ ಮಟ್ಟ ಸರಿಯಿದೆಯೇ ಎಂಬುದನ್ನೂ ನೋಡಿಸಿದರು. ಅವೆರಡೂ ನೆಟ್ಟಗಿದ್ದವು.

ಮೊದಲ ಪರೀಕ್ಷೆಗೆ ತಂದೆಮಗ ಇಬ್ಬರೇ ಮುಂಜಾನೆಯ ತಂಪಿನಲ್ಲಿ ಹೋಗಿ, 108 ಬಂದಿತೆಂದು ಸಂಭ್ರಮದಿಂದ ಫೋನು ಮಾಡಿದರು. ನಾವು ಒಪ್ಪಲಿಲ್ಲ. ಏಳು ಜನರ ಭಾರ, ಮಧ್ಯಾಹ್ನದ ಬಿಸಿಲು, ಏ.ಸಿ. ಇವೆಲ್ಲ ಮೊದಲಿನಂತೆಯೇ ಇದ್ದು, ಕಸವೊಂದೇ ಇಲ್ಲದಿದ್ದರೆ ಮಾತ್ರ ವ್ಯತಿರೇಕವು ಸಿದ್ಧಿಸುತ್ತದೆ. ಎರಡು ವಾರಗಳ ಬಳಿಕ ಮನೆಮಂದಿಯೆಲ್ಲ, ಬಹಳ ಒತ್ತಾಯದ ಮೇಲೆ ಅಜ್ಜಿಯೂ, ಅಂಕೋಲೆಗೆ ಹೋಗಿ ಮಧ್ಯಾಹ್ನ ಎರಡು ಗಂಟೆಗೆ ಘಟ್ಟ ಹತ್ತಿದರು. ಮೇಲ್ಭಾಗದಲ್ಲಿ ನೀರು 94, ಎಣ್ಣೆ 114. ಯಲ್ಲಾಪುರ ತಲುಪುವಷ್ಟರಲ್ಲಿ ಎಣ್ಣೆ ನೂರಾನಾಲ್ಕಕ್ಕೆ ಇಳಿದಿತ್ತು. ಟರ್ಬೊ ಹಳೆಯದೇ. ಮಗಳ ಶುಲ್ಕದ ಹಣ ಬ್ಯಾಂಕಿನಲ್ಲಿಯೇ ಇದೆ. ಹಲವು ಸಲ 130ರ ಹತ್ತಿರಕ್ಕೆ ಕಾದ ಎಣ್ಣೆಯನ್ನು ಮಾತ್ರ ಅವಧಿಗೆ ಮೊದಲೇ ಫಿಲ್ಟರ್ ಸಹಿತ ಬದಲಾಯಿಸಿರೆಂದು ಹೇಳಿದೆವು, ಅವರು ಹಾಗೆಯೇ ಮಾಡಿದರು.

ಎಲ್ಲರ ಕಾರಿನಲ್ಲಿಯೂ ಹತ್ತಿಯೇ ಸಿಕ್ಕಿರುತ್ತದೆಂದು ತಿಳಿಯಬಾರದು. ಸಮತಟ್ಟಾದ ಜಾಗದಲ್ಲಿ ಕಾರನ್ನು ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಆಯಿಲ್ ಕಡ್ಡಿಯನ್ನು ತೆಗೆದು ನೋಡುವುದು ಎಲ್ಲಕ್ಕೂ ಮೊದಲ ಕೆಲಸ. ಎಣ್ಣೆ ಕಡಿಮೆಯಿದ್ದರೆ ಇದ್ದಷ್ಟೇ ಎಣ್ಣೆ ಪದೇಪದೇ ಸುತ್ತಿ ಕಾಯುತ್ತದೆ. ಹೆಚ್ಚು ಹಾಕಿದ್ದರೂ ಕೆಡುಕೇ. ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ. ಹಾಕದೆಯೇ ಮಟ್ಟ ಏರುತ್ತಿದ್ದರೆ ಅದು ಅಕ್ಷಯಪಾತ್ರೆಯಲ್ಲ, ಇಂಧನ ಬೆರೆಯುತ್ತಿದೆಯೆಂದರ್ಥ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಇದ್ದು, ಅದನ್ನು ಸುಟ್ಟು ಶುದ್ಧಿ ಮಾಡುವಾಗ ಹೆಚ್ಚುವರಿ ಡೀಸೆಲ್ ಸಿಂಪಡಿಸಲಾಗುತ್ತದೆ. ಪೇಟೆಯ ಚಿಕ್ಕ ಓಟಗಳಲ್ಲಿ ಆ ಶುದ್ಧಿಯು ನಡುವೆಯೇ ನಿಂತರೆ ಡೀಸೆಲ್ ಕೆಳಗಿಳಿದು ಎಣ್ಣೆಯನ್ನು ಸೇರಿ ತೆಳುವಾಗಿಸುತ್ತದೆ. ಎಣ್ಣೆಯ ದರ್ಜೆಯ ವಿಷಯದಲ್ಲಿ ಕಾರಿನೊಡನೆ ಕೊಟ್ಟ ಪುಸ್ತಕವೇ ಪ್ರಮಾಣ. 5ಡಬ್ಲ್ಯು-30 ಎಂದಿದ್ದರೆ ಅದನ್ನೇ ಹಾಕಬೇಕು. ದಪ್ಪನೆಯದು ಗಟ್ಟಿಯೆಂದು ನಂಬಿ ಬೇರೆ ಹಾಕಿದರೆ ಒಳತಿಕ್ಕಾಟ ಹೆಚ್ಚಿ ಕಾವೂ ಹೆಚ್ಚಬಹುದು.

ಹುಟ್ಟುವಳಿಯ ಕಡೆಯ ಕಾರಣಗಳೂ ಹಲವು. ಇಂಟರ್‌ಕೂಲರಿನ ರಬ್ಬರ್ ಕೊಳವೆ ಬಿರಿದು ಗಾಳಿ ಸೋರಿದರೆ, ಅಥವಾ ಗಾಳಿಯ ಫಿಲ್ಟರ್ ಕಟ್ಟಿಕೊಂಡರೆ, ಅದೇ ಕೆಲಸಕ್ಕೆ ಟರ್ಬೊ ಹೆಚ್ಚು ತಿರುಗಬೇಕಾಗುತ್ತದೆ. ಹೊಗೆಯ ದಾರಿ ಕಟ್ಟಿದರೆ ಕಾವು ಹಿಂದಕ್ಕೆ ನಿಲ್ಲುತ್ತದೆ. ಬ್ರೇಕು ಅಂಟಿಕೊಂಡಿದ್ದರೆ, ಕ್ಲಚ್ ಜಾರುತ್ತಿದ್ದರೆ ಎಂಜಿನ್ ವೃಥಾ ದುಡಿಯುತ್ತದೆ. ಎಂಜಿನ್ ಪೂರ್ತಿ ಕಾದ ಮೇಲೂ ರೇಡಿಯೇಟರಿನ ಮೇಲಿನ ಹೋಸು ಸುಡುತ್ತಿದ್ದು ಕೆಳಗಿನದು ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲವೆಂಬ ಶಂಕೆ. ಇನ್ನು ಕಂಪ್ಯೂಟರಿನ ಲೆಕ್ಕವನ್ನು ತಿದ್ದಿಸಿ ಕಸುವು ಹೆಚ್ಚಿಸಿಕೊಳ್ಳುವ ಹುಚ್ಚು ತರುಣರಲ್ಲಿ ಹಬ್ಬಿದೆ. ರೇಡಿಯೇಟರು ಅಷ್ಟೇ, ಎಣ್ಣೆ ಅಷ್ಟೇ, ಕಾವು ಮಾತ್ರ ಹೆಚ್ಚು. ಅಂಥವರು ಎಣ್ಣೆ ಏಕೆ ಕಾಯುತ್ತದೆಂದು ನಮಗೆ ಬರೆಯುವ ಅಗತ್ಯವಿಲ್ಲ. ಮೂತಿಗೆ ಕಬ್ಬಿಣದ ಬುಲ್‌ಬಾರ್ ಕಟ್ಟಿಸುವುದನ್ನು ಕೇಂದ್ರ ಸರ್ಕಾರವು 2017ರಲ್ಲಿಯೇ ನಿಷೇಧಿಸಿತು, ಅದು ಗಾಳಿಗೂ ತಡೆ, ಪಾದಚಾರಿಗಳಿಗೂ ಅಪಾಯ.

ಘಟ್ಟದ ನಡುವೆ ಕಾವು ಏರತೊಡಗಿದರೆ ಮಾಡತಕ್ಕದ್ದನ್ನು ಮನೆಯ ಹೆಂಗಸರೂ ಮಕ್ಕಳೂ ತಿಳಿದಿರಬೇಕು. ಏ.ಸಿ. ಆರಿಸಿರಿ, ಹೀಟರ್ ಹಾಕಿರಿ. ದೊಡ್ಡ ಗೇರಿನಲ್ಲಿ ಎಂಜಿನ್ನನ್ನು ಗೋಳಾಡಿಸದೆ ಒಂದು ಗೇರ್ ಇಳಿಸಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿರಿ. ನೀರಿನ ಪಂಪು ಬೇಗ ತಿರುಗಿ ತಣಿಸಲು ನೆರವಾಗುತ್ತದೆ. ಕಡಿಮೆಯಾಗದಿದ್ದರೆ ತಿರುವಿನಲ್ಲಲ್ಲದೆ ಅಗಲವಾದ ಎಡೆಯಲ್ಲಿ ನಿಲ್ಲಿಸಿ ಎರಡು ಮೂರು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಬಿಟ್ಟು ಆಮೇಲೆ ಆರಿಸಿರಿ. ಕಾದ ಟರ್ಬೊದೊಳಗೆ ಹರಿವು ಒಮ್ಮೆಲೆ ನಿಂತರೆ ಅಲ್ಲಿರುವ ಎಣ್ಣೆ ಸೀದು ಕರಿಯಾಗುತ್ತದೆ. ಆದರೆ ಎಣ್ಣೆಗಿಂಡಿಯ ಚಿತ್ರದ ಕೆಂಪು ದೀಪ ಹತ್ತಿದರೆ ಈ ಮಾತು ಸಲ್ಲದು. ಆ ದೀಪವು ಕಾವನ್ನಲ್ಲ, ಎಣ್ಣೆಯ ಒತ್ತಡ ಬಿದ್ದುದನ್ನು ಹೇಳುತ್ತದೆ. ಸುರಕ್ಷಿತವಾಗಿ ಬದಿಗೆ ಬಂದ ಕ್ಷಣವೇ ಎಂಜಿನ್ ಆರಿಸಬೇಕು. ಸುಟ್ಟ ಎಣ್ಣೆಯ ವಾಸನೆಯೊಡನೆ ಬಾನೆಟ್ಟಿನಿಂದ ಹೊಗೆ ಎದ್ದರೆ ಎಣ್ಣೆ ಸೋರಿ ಟರ್ಬೊದ ಮೇಲೆ ಬೀಳುತ್ತಿರಬಹುದು. ಆಗ ಎಂಜಿನ್ ಆರಿಸಿ, ಮೊದಲು ವೃದ್ಧರನ್ನೂ ಮಕ್ಕಳನ್ನೂ ಇಳಿಸಿ ದೂರ ಕರೆದೊಯ್ಯಿರಿ. ಬಾನೆಟ್ಟನ್ನು ತೆರೆಯಲು ಹೋಗಬೇಡಿರಿ, ಒಳಗೆ ಗಾಳಿ ನುಗ್ಗಿ ಉರಿ ಏಳಬಹುದು. ಕಾದ ರೇಡಿಯೇಟರಿನ ಮುಚ್ಚಳವನ್ನಂತೂ ಎಂದಿಗೂ ತೆರೆಯಕೂಡದು. ಒಳಗಿನ ನೀರು ಒತ್ತಡದಲ್ಲಿ ನೂರು ಡಿಗ್ರಿಗಿಂತ ಮೇಲಿದ್ದು ಮುಖಕ್ಕೆ ಚಿಮ್ಮುತ್ತದೆ.

ಮಗನು ಹೇಳಿದ ಬೇರೊಂದು ಆಯಿಲ್ ಕೂಲರಿನ ಮಾತು ಉಳಿಯಿತು. ಟರ್ಬೊ ಕೆಟ್ಟಿಲ್ಲವೆಂಬ ಅವನ ಊಹೆ ಸರಿಯಾಗಿಯೇ ಇತ್ತು. ಆದರೆ ಕಾರಿನಲ್ಲಿ ಈಗಾಗಲೇ ಇರುವ ಕೂಲರು ಸರಿಯಾಗಿ ಕೆಲಸ ಮಾಡುವಾಗ ಇನ್ನೊಂದರ ಅಗತ್ಯವಿಲ್ಲ. ಹೊರಗಿನಿಂದ ಕೂಡಿಸಿದ ಕೊಳವೆಗಳ ಪ್ರತಿ ಜೋಡಣೆಯೂ ಒತ್ತಡದ ಎಣ್ಣೆ ಸೋರಬಹುದಾದ ಹೊಸ ಬಾಗಿಲು. ಸೋರಿಕೆ ಟರ್ಬೊದ ಬಳಿಯಾದರೆ ಪರಿಣಾಮವನ್ನು ಮೇಲೆಯೇ ಹೇಳಿದ್ದೇವೆ. ಥರ್ಮೋಸ್ಟಾಟ್ ಇಲ್ಲದ ಅಗ್ಗದ ಕೂಲರಾದರೆ ಚಳಿಗಾಲದ ಬೆಳಗಿನಲ್ಲಿ ಎಣ್ಣೆ 80 ಡಿಗ್ರಿಗೂ ಏರದೆ ಬೇರೊಂದು ರೋಗ ತಗಲುತ್ತದೆ. ಕೂಲರಿಗೆ ಬದಲಾಗಿ ಪ್ರತಿ ವರ್ಷ ಹತ್ತಿಯ ಹಂಗಾಮು ಮುಗಿದೊಡನೆ ಆ ಎರಡು ಬೆರಳಿನ ಸಂದಿಯನ್ನು ತೊಳೆಸಿರೆಂದು ಬರೆದಿದ್ದೇವೆ. ಹುಡುಗನು ತನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ದಿನಾಂಕವನ್ನು ಗೊತ್ತು ಮಾಡಿಕೊಂಡಿದ್ದಾನಂತೆ.